ಊರೊಟ್ಟಿನ ನೆಲಕ್ಕೆ ನೀಲಗಿರಿ ಬಂದಾಗ

ಶಿಕಾರಿಪುರ, ಸೊರಬ ಸೀಮೆಯಲ್ಲಿ ಊರಿನ ನೆಲವೆಂದರೆ ಗದ್ದೆ, ತೋಟವಷ್ಟೇ ಅಲ್ಲ. ದನ ಮೇಯಲು ಗೋಮಾಳ, ಅಡಿಕೆ ತೋಟಕ್ಕೆ ಸೊಪ್ಪು ತರಲು ಸೊಪ್ಪಿನಬೆಟ್ಟ, ಇವೆರಡರ ಆಚೆ ಕಾನು. ಗೋಮಾಳದ ಪಹಣಿಯಲ್ಲಿ ಯಾವ ರೈತನ ಹೆಸರೂ ಇರುವುದಿಲ್ಲ. ಮೇಯುವ ದನ ಮಾತ್ರ ಎಲ್ಲರ ಮನೆಯವು.

ಸೊರಬ ಹೆಸರಾದದ್ದೇ ಕಾನುಗಳಿಂದ. 1868ರ ವರದಿಯೊಂದರಲ್ಲಿ ಅರಣ್ಯಾಧಿಕಾರಿಗಳಾದ ಬ್ರಾಂಡಿಸ್ ಮತ್ತು ಗ್ರಾಂಟ್ ಈ ತಾಲ್ಲೂಕೊಂದರಲ್ಲೇ 171 ಕಾನುಗಳನ್ನು ಎಣಿಸಿದ್ದರು. ಒಟ್ಟು ವಿಸ್ತೀರ್ಣ 32 ಸಾವಿರ ಎಕರೆಗೂ ಹೆಚ್ಚು. ಜನ ಅಲ್ಲಿ ಕಾಳುಮೆಣಸು ಕೊಯ್ಯುತ್ತಿದ್ದರು, ಬೈನೆ ಮರದಿಂದ ಕಳ್ಳು ಇಳಿಸುತ್ತಿದ್ದರು, ಕೆಲವು ಕಾನುಗಳನ್ನು ದೇವರದೆಂದು ಕೊಡಲಿ ತಾಗಿಸದೆ ಬಿಟ್ಟಿದ್ದರು. ಕಾನು, ಸೊಪ್ಪಿನಬೆಟ್ಟಗಳ ಈ ಸವಲತ್ತನ್ನು 1964ರ ಭೂಕಂದಾಯ ಕಾಯ್ದೆಯ 79ನೇ ಸೆಕ್ಷನ್ನೂ ಮಾನ್ಯ ಮಾಡಿದೆ. ಗೋಮಾಳಕ್ಕೆ ಅಳತೆಯೇ ಇದೆ: 100 ಜಾನುವಾರಿಗೆ 12 ಹೆಕ್ಟೇರ್. ಕಾಗದದ ಮೇಲೆ ಎಲ್ಲವೂ ಸರಿ!

ಇಂಥ ನೆಲ ಮಲೆನಾಡಿಗಷ್ಟೇ ಸೀಮಿತವಲ್ಲ. ಲಂಡನ್ನಿನ ಬ್ಲ್ಯಾಕ್‌ಹೀತ್ ಬಯಲು ಕೂಡ ಊರೊಟ್ಟಿನದೇ. ಅಲ್ಲಿ ಹಿಂದೆ ಗಾಲ್ಫ್ ಕ್ಲಬ್ಬೊಂದಿತ್ತು. ಓಡಾಡುವವರಿಗೆ ದೂರದಿಂದಲೇ ಕಾಣಲೆಂದು ಆಟಗಾರರು ಕೆಂಪು ಕೋಟು ತೊಟ್ಟು ಆಡುತ್ತಿದ್ದರು. 1923ರಲ್ಲಿ ಕ್ಲಬ್ಬೇ ಎಲ್ತಮ್ ಎಂಬಲ್ಲಿಗೆ ಸ್ಥಳಾಂತರವಾಯಿತು, ಬಯಲು ಬಯಲಾಗಿಯೇ ಉಳಿಯಿತು. ನಮ್ಮಲ್ಲಿ ಬಂದ ಅತಿಥಿ ಬೇರೆ ಬಗೆಯವನು.

1984ರಲ್ಲಿ ರಾಜ್ಯ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಕಂಪೆನಿ ಹುಟ್ಟುಹಾಕಿದವು. ಶಿವಮೊಗ್ಗ, ಧಾರವಾಡ ಸೇರಿದಂತೆ ಹಲವು ಜಿಲ್ಲೆಗಳ ಸುಮಾರು 30 ಸಾವಿರ ಹೆಕ್ಟೇರ್ ನೆಲವನ್ನು 40 ವರ್ಷದ ಗುತ್ತಿಗೆಗೆ ಕೊಡುವ ಯೋಜನೆ ಅದು. ರೇಯಾನ್ ನೂಲಿನ ತಿರುಳಿಗೆ ಅಲ್ಲಿ ನೀಲಗಿರಿ ಬೆಳೆಯಬೇಕು. ಕಡತದಲ್ಲಿ ಇದು ಸಿ ಮತ್ತು ಡಿ ವರ್ಗದ 'ಬಂಜರು'. ದನ ಕಾಯುವ ಹುಡುಗನಿಗೂ ಸೌದೆ ಹೊರುವ ಹೆಂಗಸಿಗೂ ಅದು ಬಂಜರಲ್ಲವೆಂದು ಕಡತ ಬರೆದವರಿಗೆ ಹೊಳೆದಂತಿಲ್ಲ. ನೀಲಗಿರಿ ಸೊಪ್ಪಿಗೆ ದನ ಬಾಯಿ ಹಾಕುವುದೂ ಇಲ್ಲ.

ಸಮಾಜ ಪರಿವರ್ತನ ಸಮುದಾಯ ಸುಪ್ರೀಂ ಕೋರ್ಟಿಗೆ ಹೋಯಿತು. ಅರ್ಜಿದಾರರಲ್ಲಿ ಶಿವರಾಮ ಕಾರಂತರೂ ಒಬ್ಬರು. 1987ರ ಮಾರ್ಚ್‌ನಲ್ಲಿ ತಡೆಯಾಜ್ಞೆ ಸಿಕ್ಕಿತು. ಆದರೂ ನೆಡುವುದು ನಿಂತಿಲ್ಲವೆಂಬ ದೂರಿನ ಮೇಲೆ ಅದೇ ವರ್ಷ ನವೆಂಬರ್ 14ರಂದು, ಸೊರಬಕ್ಕೆ ಗಡಿಯಾದ ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ಸೇರಿದರು. ಹೋರಾಟದ ಹೆಸರು 'ಕಿತ್ತಿಕೊ-ಹಚ್ಚಿಕೊ'. ನೀಲಗಿರಿ ಸಸಿ ಕೀಳುವುದು, ಊರಿಗೆ ಬೇಕಾದ ಮರದ ಸಸಿ ಹಚ್ಚುವುದು. ಕಿತ್ತದ್ದು ನೂರರ ಲೆಕ್ಕದಲ್ಲಷ್ಟೇ, ಆದರೆ ಸುದ್ದಿ ದೆಹಲಿಯವರೆಗೆ ಹೋಯಿತು. 1991ರಲ್ಲಿ ಸರ್ಕಾರ ಕಂಪೆನಿಯನ್ನೇ ಮುಚ್ಚುವ ತೀರ್ಮಾನಕ್ಕೆ ಬಂತು.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಗೂ ಮಲೆನಾಡಿನ ನೆಲ ನೆಡುತೋಪಿಗೆಂದು ಸಿಕ್ಕಿತ್ತು. ಅಲ್ಲಿ ಅಕೇಶಿಯಾ ಎದ್ದಿತು. ಆ ಗುತ್ತಿಗೆಯ ಅವಧಿ ಮುಗಿದದ್ದು 2020ರಲ್ಲಿ. ಅದನ್ನು ಮತ್ತೆ 40 ವರ್ಷಕ್ಕೆ ಮುಂದುವರಿಸಲು ಸರ್ಕಾರ ಹೊರಟಾಗ ಮಲೆನಾಡಿನಲ್ಲಿ ಭಾರಿ ವಿರೋಧ ಎದ್ದಿತು. ಕಾರ್ಖಾನೆ ಕಾಗದ ತಯಾರಿಸುವುದನ್ನು ನಿಲ್ಲಿಸಿ ಆ ವೇಳೆಗಾಗಲೇ ನಾಲ್ಕಾರು ವರ್ಷವಾಗಿತ್ತು.