ಒಂದು ಮೇಳ, ನಾಲ್ಕು ಹೆಸರು: ಮಾಯಾಮಾಳವಗೌಳದ ಚರಿತ್ರೆ

ದಾಸಸಾಹಿತ್ಯವನ್ನು ಕುರಿತ ಸಂಶೋಧನ ಪ್ರಬಂಧದ ಕರಡೊಂದು ಇತ್ತೀಚೆಗೆ ನನ್ನ ಕೈಗೆ ಬಂದಿತ್ತು. ಅದರಲ್ಲಿ ಹೀಗೊಂದು ವಾಕ್ಯವಿತ್ತು: ‘ಪುರಂದರದಾಸರು ಮಾಯಾಮಾಳವಗೌಳ ರಾಗವನ್ನು ಸಂಗೀತಾಭ್ಯಾಸದ ಮೊದಲ ರಾಗವನ್ನಾಗಿ ನಿಗದಿಪಡಿಸಿದರು.’ ನಮ್ಮ ಪಠ್ಯಪುಸ್ತಕಗಳಲ್ಲಿ ಕಾಣುವ, ನಾವು ಅಧ್ಯಾಪಕರೂ ತರಗತಿಗಳಲ್ಲಿ ಹೇಳುತ್ತ ಬಂದಿರುವ ಮಾತೇ ಇದು. ವಾಕ್ಯದ ತಿರುಳು ಸತ್ಯವೇ ಇರಬಹುದು. ಆದರೆ ಅದರಲ್ಲಿರುವ ಒಂದು ಪದ ದಾಸರ ಕಾಲಕ್ಕೆ ಸಲ್ಲುವುದಿಲ್ಲ. ಆ ಪದ ‘ಮಾಯಾ’. ಬದಿಯಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಹಿಂದಿರುಗಿಸಬಹುದಾಗಿತ್ತು. ಆದರೆ ಆ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲಿ ಒಂದು ಮೇಳದ ಚರಿತ್ರೆಯೇ ತೆರೆದುಕೊಳ್ಳುತ್ತದೆಯಾದ್ದರಿಂದ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಮೊದಲು ಸ್ವರಗಳನ್ನು ನೋಡೋಣ. ಷಡ್ಜ, ಶುದ್ಧ ರಿಷಭ, ಅಂತರ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಶುದ್ಧ ಧೈವತ, ಕಾಕಲಿ ನಿಷಾದ. ಇವು ಇಂದಿನ ಹೆಸರುಗಳು. ಸರಳೆ ವರಸೆ, ಜಂಟಿ ವರಸೆ, ಅಲಂಕಾರಗಳೆಲ್ಲ ಈ ಏಳು ಸ್ವರಗಳ ಮೇಲೆಯೇ ನಡೆಯುತ್ತವೆ. ಆಮೇಲೆ ಮಗು ಕಲಿಯುವ ಪಿಳ್ಳಾರಿ ಗೀತೆಗಳು ಇದೇ ಮೇಳದ ಮಲಹರಿ ರಾಗದಲ್ಲಿವೆ. ಹಿಂದುಸ್ತಾನಿ ಪದ್ಧತಿಯ ಭೈರವ್ ಥಾಟಿನ ಸ್ವರಗಳೂ ಇವೇ. ಅಲ್ಲಿ ‘ಕೋಮಲ’ವೆನಿಸಿದ ರಿಷಭ ಧೈವತಗಳು ನಮ್ಮಲ್ಲಿ ‘ಶುದ್ಧ’ ಎನಿಸಿಕೊಳ್ಳುತ್ತವೆ ಎಂಬುದನ್ನು ಸಾಹಿತ್ಯದ ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು. ಶಾಸ್ತ್ರಗ್ರಂಥಗಳನ್ನು ಓದುವಾಗ ಈ ಒಂದು ಪದದಿಂದಲೇ ಅನೇಕರು ದಾರಿ ತಪ್ಪುತ್ತಾರೆ.

ಈಗ ಹೆಸರುಗಳಿಗೆ ಬರೋಣ. ವಿದ್ಯಾರಣ್ಯರ ಹೆಸರಿನಲ್ಲಿ ಪ್ರಸಿದ್ಧವಾದ ‘ಸಂಗೀತಸಾರ’ ಇಂದು ಲಭ್ಯವಿಲ್ಲ. ಅದರಲ್ಲಿ ಹದಿನೈದು ಮೇಳಗಳೂ ಐವತ್ತು ರಾಗಗಳೂ ಇದ್ದುವೆಂಬುದನ್ನು ನಾವು ತಿಳಿಯುವುದು 17ನೆಯ ಶತಮಾನದ ತಂಜಾವೂರಿನ ‘ಸಂಗೀತಸುಧಾ’ ಗ್ರಂಥದಿಂದ. ಈ ಗ್ರಂಥಕ್ಕೆ ದೊರೆ ರಘುನಾಥನಾಯಕನ ಹೆಸರಿದೆ. ಬರೆದವನು ತನ್ನ ತಂದೆ ಗೋವಿಂದದೀಕ್ಷಿತನೆಂದು ವೆಂಕಟಮಖಿ ಹೇಳುತ್ತಾನೆ. ಹಾಗಾಗಿ ಇಲ್ಲಿ ನಮಗೆ ದೊರೆಯುವುದು ಮೂಲವಲ್ಲ, ಸುಮಾರು ಎರಡೂವರೆ ಶತಮಾನಗಳ ಅನಂತರದ ಸಂಗ್ರಹ. ಈ ಎಚ್ಚರವನ್ನು ಇಟ್ಟುಕೊಂಡೇ ನೋಡಿದರೆ, ಆ ಹದಿನೈದರ ಪಟ್ಟಿಯಲ್ಲಿ ನಾಟದ ಅನಂತರ ಬರುವ ಎರಡನೆಯ ಮೇಳ ಗುರ್ಜರಿ. ಅದರ ಸ್ವರಗಳು ನಮ್ಮ ಮಾಯಾಮಾಳವಗೌಳದವೇ. ಪಟ್ಟಿಯ ಮೇಳಗಳ ಸಾಲಿನಲ್ಲಿ ಮಾಳವಗೌಳವೆಂಬ ಹೆಸರೇ ಇಲ್ಲ.

1550ರಲ್ಲಿ ವಿಜಯನಗರದಲ್ಲಿ ಅಳಿಯ ರಾಮರಾಯನ ಆಶ್ರಯದಲ್ಲಿ ರಾಮಾಮಾತ್ಯನು ‘ಸ್ವರಮೇಳಕಲಾನಿಧಿ’ಯನ್ನು ರಚಿಸಿದನು. ಅವನ ಇಪ್ಪತ್ತು ಮೇಳಗಳಲ್ಲಿ ಮೊದಲನೆಯದು ಮುಖಾರಿ. ಎಲ್ಲವೂ ಶುದ್ಧಸ್ವರಗಳಾದ್ದರಿಂದ ಅದಕ್ಕೆ ಅಗ್ರಸ್ಥಾನ. (ಇಂದಿನ ಮುಖಾರಿ ರಾಗಕ್ಕೂ ಇದಕ್ಕೂ ಸಂಬಂಧ ಕಲ್ಪಿಸಬಾರದು, ಅಂದಿನ ಮುಖಾರಿಯ ಸ್ವರಗಳು ಇಂದಿನ ಕನಕಾಂಗಿಯವು.) ಅದರ ಬೆನ್ನಿಗೇ ಮಾಳವಗೌಳ ಬರುತ್ತದೆ, ಮಲಹರಿಯೇ ಮೊದಲಾದ ಜನ್ಯರಾಗಗಳನ್ನು ಕೂಡಿಸಿಕೊಂಡು. ಸ್ವರನಾಮಗಳು ಮಾತ್ರ ಬೇರೆ: ನಾವು ಅಂತರ ಗಾಂಧಾರ, ಕಾಕಲಿ ನಿಷಾದ ಎನ್ನುವ ಕಡೆ ಅವನು ಚ್ಯುತಮಧ್ಯಮ ಗಾಂಧಾರ, ಚ್ಯುತಷಡ್ಜ ನಿಷಾದ ಎನ್ನುತ್ತಾನೆ. ಶಿವಗಂಗೆಯ ಸಮೀಪದ ಸಾತನೂರಿನಿಂದ ಹೊರಟು ಖಾನ್‌ದೇಶದ ಬುರ್ಹಾನ್ ಖಾನನ ಆಸ್ಥಾನ ಸೇರಿದ ನಮ್ಮ ಪುಂಡರೀಕ ವಿಠ್ಠಲನ ‘ಸದ್ರಾಗಚಂದ್ರೋದಯ’ದಲ್ಲಿಯೂ ಮಾಳವಗೌಳಮೇಳವಿದೆ.

ಪುರಂದರದಾಸರು ತೀರಿಕೊಂಡದ್ದು 1564ರಲ್ಲಿ ಎಂಬುದು ಸಂಪ್ರದಾಯ. ಅಂದರೆ ರಾಮಾಮಾತ್ಯನು ಅವರ ಸಮಕಾಲೀನ, ಅದೇ ಸಾಮ್ರಾಜ್ಯದವನು. ದಾಸರು ಈ ಮೇಳವನ್ನು ಹೆಸರಿಟ್ಟು ಕರೆದಿದ್ದರೆ, ಅದು ಮಾಳವಗೌಳವೆಂದೇ ಇದ್ದಿರಬೇಕು. ಅವರೇ ಸರಳೆ ವರಸೆಗಳನ್ನು ಕಟ್ಟಿದರೆಂಬುದಕ್ಕೆ ರಾಮಾಮಾತ್ಯನಿಂದ ಸಾಕ್ಷ್ಯವನ್ನು ನಿರೀಕ್ಷಿಸಲಾಗದು. ಮಕ್ಕಳ ಪಾಠ ಅವನ ವಿಷಯವಲ್ಲ, ಅವನದು ಮೇಳ ಮತ್ತು ವೀಣೆಯ ಶಾಸ್ತ್ರ. ಆ ಮನ್ನಣೆ ಗುರುಶಿಷ್ಯ ಪರಂಪರೆಯ ಬಾಯಿಂದ ಬಾಯಿಗೆ ಬಂದದ್ದು. ಪರಂಪರೆಯ ಮಾತನ್ನು ತಳ್ಳಿಹಾಕಬೇಕೆಂದು ನಾನು ಹೇಳುತ್ತಿಲ್ಲ. ಅದನ್ನು ಪರಂಪರೆಯ ಮಾತು ಎಂದೇ ಬರೆಯಬೇಕು ಎನ್ನುತ್ತಿದ್ದೇನೆ.

ಆದರೂ ಆ ಆಯ್ಕೆಯ ಹಿಂದಿರುವ ವಿವೇಕವನ್ನು ಮೆಚ್ಚಲೇಬೇಕು. ಶಾಸ್ತ್ರಕಾರರಿಗೆ ಮುಖಾರಿ ಮೊದಲು, ಪಾಠಕ್ಕೆ ಮಾಳವಗೌಳ ಮೊದಲು. ಏಕೆ? ಮುಖಾರಿ ಮೇಳದಲ್ಲಿ ಷಡ್ಜ, ರಿಷಭ, ಗಾಂಧಾರಗಳು ಒಂದರ ಪಕ್ಕ ಒಂದು ಒತ್ತಿಕೊಂಡಿವೆ. ಎಳೆಯ ಗಂಟಲು ಅವನ್ನು ಬೇರ್ಪಡಿಸಿ ಹಿಡಿಯಲಾರದು. ಮಾಳವಗೌಳದಲ್ಲಾದರೋ ಷಡ್ಜದಿಂದ ರಿಷಭಕ್ಕೆ ಒಂದು ಮನೆ, ಅಲ್ಲಿಂದ ಗಾಂಧಾರಕ್ಕೆ ಮೂರು, ಮಧ್ಯಮಕ್ಕೆ ಮತ್ತೆ ಒಂದು. ಪಂಚಮದಿಂದ ಮೇಲಿನ ಷಡ್ಜದವರೆಗೂ ಇದೇ ನಡೆ: ಒಂದು, ಮೂರು, ಒಂದು. ಪೂರ್ವಾಂಗವನ್ನು ಕಲಿತ ಮಗು ಉತ್ತರಾಂಗವನ್ನು ಅರ್ಧ ಕಲಿತಂತೆಯೇ. ವೀಣೆಯ ಮೆಟ್ಟಿಲುಗಳ ಮೇಲೆ ಬೆರಳಿಟ್ಟವರಿಗೆ ಇದು ಕಣ್ಣಿಗೇ ಕಾಣುತ್ತದೆ. ಅಲ್ಲದೆ, ಗಮಕವಿಲ್ಲದೆ ನೇರವಾಗಿ ಹಾಡಿದರೂ ಈ ಸ್ವರಗಳು ಕಿವಿಗೆ ಇಂಪಾಗಿ ನಿಲ್ಲುತ್ತವೆ. ಇಷ್ಟು ಸೌಕರ್ಯವಿರುವ ಇನ್ನೊಂದು ಮೇಳವನ್ನು ಸೂಚಿಸುವುದು ಸುಲಭವಲ್ಲ.

ಮತ್ತೆ ಹೆಸರಿಗೆ ಬರುತ್ತೇನೆ. ವೆಂಕಟಮಖಿಯ ‘ಚತುರ್ದಂಡಿಪ್ರಕಾಶಿಕೆ’ಯಲ್ಲಿ ಎಪ್ಪತ್ತೆರಡು ಮೇಳಗಳ ಗಣಿತ ಸಿದ್ಧವಾಯಿತು. ಆದರೆ ಅವನು ಹೆಸರಿಟ್ಟು ವಿವರಿಸಿದ್ದು ಬಳಕೆಯಲ್ಲಿದ್ದ ಹತ್ತೊಂಬತ್ತನ್ನು ಮಾತ್ರ. ಆ ಹತ್ತೊಂಬತ್ತರಲ್ಲಿ ನಮ್ಮ ಮೇಳದ ಹೆಸರು ಗುರ್ಜರಿಯೂ ಅಲ್ಲ, ಮಾಳವಗೌಳವೂ ಅಲ್ಲ, ಬರಿಯ ಗೌಳ! ತ್ಯಾಗರಾಜರ ಪಂಚರತ್ನ ಕೃತಿಗಳಲ್ಲಿ ನಾವು ಕೇಳುವ ಗೌಳರಾಗದಲ್ಲಿ ಧೈವತವೇ ಇಲ್ಲವೆಂಬುದನ್ನು ನೆನೆದರೆ ಅಚ್ಚರಿಯೆನಿಸುತ್ತದೆ. ಆದರೆ ಅಂದು ಮೇಳವೆಂದರೆ ಸ್ವರಗಳ ಗುಂಪು, ರಾಗವೆಂದರೆ ಹಾಡುವ ರೂಪ. ಗುಂಪಿನಲ್ಲಿ ಯಾವ ರಾಗ ಹೆಸರುವಾಸಿಯೋ ಆ ರಾಗದ ಹೆಸರು ಗುಂಪಿಗೆ. ಯಜಮಾನ ಬದಲಾದಂತೆ ಮನೆಯ ಹೆಸರೂ ಬದಲಾಯಿತು. ತಂಜಾವೂರಿನ ಮರಾಠ ದೊರೆಗಳಾದ ಶಾಹಜಿ ಮತ್ತು ತುಳಜ ಬರೆದ ಲಕ್ಷಣಗ್ರಂಥಗಳಲ್ಲಿ ಪುನಃ ಮಾಳವಗೌಳವೇ ಯಜಮಾನ.

‘ಮಾಯಾ’ ಸೇರಿದ್ದು ಎಪ್ಪತ್ತೆರಡು ಮೇಳಗಳಿಗೂ ಹೆಸರಿಟ್ಟು, ಹೆಸರಿನಿಂದಲೇ ಕ್ರಮಸಂಖ್ಯೆ ತಿಳಿಯುವಂತೆ ಮಾಡಿದಾಗ. ಕಟಪಯಾದಿ ಸೂತ್ರದಂತೆ ಮಕಾರಕ್ಕೆ 5, ಯಕಾರಕ್ಕೆ 1. ಅಂಕಗಳು ಬಲದಿಂದ ಎಡಕ್ಕೆ ಸಾಗುವುದರಿಂದ 15. ಶಂಕರಾಭರಣಕ್ಕೆ ‘ಧೀರ’ ಸೇರಿ 29, ಕಲ್ಯಾಣಿಗೆ ‘ಮೇಚ’ ಸೇರಿ 65, ನಾಟಕ್ಕೆ ‘ಚಲ’ ಸೇರಿ 36 ಆದದ್ದೂ ಹೀಗೆಯೇ. ಕನಕಾಂಗಿಯಿಂದ ಆರಂಭವಾಗುವ ಪಟ್ಟಿಗೂ ಕನಕಾಂಬರಿಯಿಂದ ಆರಂಭವಾಗುವ ಪಟ್ಟಿಗೂ ಬಹುಪಾಲು ಹೆಸರುಗಳಲ್ಲಿ ಭೇದವಿದ್ದರೂ ಹದಿನೈದನೆಯದು ಎರಡರಲ್ಲೂ ಮಾಯಾಮಾಳವಗೌಳವೇ. ಸಭೆಯೊಂದರಲ್ಲಿ ಭಾಷಣಕಾರರೊಬ್ಬರು ಈ ‘ಮಾಯೆ’ಗೆ ವೇದಾಂತಾರ್ಥ ಮಾಡಿ, ಜೀವನು ಮಾಯೆಯಿಂದಲೇ ಸಾಧನೆ ಆರಂಭಿಸಬೇಕೆಂಬ ಕಾರಣಕ್ಕೆ ದಾಸರು ಈ ರಾಗವನ್ನು ಆರಿಸಿದರೆಂದು ವಿವರಿಸಿದ್ದನ್ನು ಕೇಳಿದ್ದೇನೆ. ಕೇಳಲು ಸೊಗಸಾಗಿತ್ತು. ಆದರೆ ಆ ಮಾಯೆ ಲೆಕ್ಕದ ಮಾಯೆ.

ಹೆಸರುಗಳ ಭೂಗೋಳವೂ ವಿಚಾರಾರ್ಹವಾದುದು. ಗುರ್ಜರ, ಮಾಳವ, ಗೌಡ: ಮೂರೂ ವಿಂಧ್ಯದ ನೆರೆಯ ಮತ್ತು ಅದರಾಚೆಯ ದೇಶಗಳು. ದೇವಗಿರಿಯ ಯಾದವರ ಆಶ್ರಯದಲ್ಲಿ 13ನೆಯ ಶತಮಾನದಲ್ಲಿ ಶಾರ್ಙ್ಗದೇವನು ರಚಿಸಿದ ‘ಸಂಗೀತರತ್ನಾಕರ’ದಲ್ಲಿ ಗೌಡಕ್ಕೆ ಕರ್ಣಾಟ, ದ್ರಾವಿಡ, ತುರುಷ್ಕ ಎಂಬ ಭೇದಗಳೂ ಕಾಣಿಸುತ್ತವೆ. ಕರ್ನಾಟಕ ಸಂಗೀತದ ಬಾಲಪಾಠವೇ ಗೌಡ ಮಾಳವಗಳ ಹೆಸರು ಹೊತ್ತಿರುವಾಗ, ಶುದ್ಧ ದೇಶೀಯತೆಯ ವಾದಗಳನ್ನು ಎಷ್ಟು ದೂರ ಒಯ್ಯಬಹುದೆಂಬುದನ್ನು ಓದುಗರೇ ಯೋಚಿಸಬೇಕು. ಹಳೆಯ ಯಜಮಾನಿ ಗುರ್ಜರಿ ಇಂದು ಹದಿನೈದನೆಯ ಮೇಳದ ಜನ್ಯಗಳಲ್ಲಿ ಒಂದಾಗಿ, ಮುತ್ತುಸ್ವಾಮಿ ದೀಕ್ಷಿತರ ‘ಗುಣಿಜನಾದಿನುತ’ದಂಥ ವಿರಳ ಕೃತಿಗಳಲ್ಲಿ ಕೇಳಿಸುತ್ತದೆ. ತಾಯಿಯಾಗಿದ್ದವಳು ಮಗಳಾದಳು.

ಸಾಹಿತ್ಯ ಸಂಶೋಧಕರಿಗೆ ಇದರಿಂದ ಒಂದು ಪ್ರಯೋಜನವೂ ಇದೆ. ಕೀರ್ತನೆಗಳ ಹಸ್ತಪ್ರತಿಗಳಲ್ಲಿ ರಾಗನಾಮಗಳು ಪ್ರತಿಯಿಂದ ಪ್ರತಿಗೆ ಬದಲಾಗುತ್ತವೆ; ಮುದ್ರಿತ ಸಂಪುಟಗಳಲ್ಲಂತೂ ಹೇಳತೀರದು. ಒಂದು ಓಲೆಯಲ್ಲಿ ‘ಮಾಳವಗೌಳ’ ಎಂದಿದ್ದರೆ ಅದರಿಂದ ಕಾಲ ನಿರ್ಣಯವಾಗದು, ಹಳೆಯ ಹೆಸರು ಬಹುಕಾಲ ಉಳಿಯುತ್ತದೆ. ಆದರೆ ‘ಮಾಯಾಮಾಳವಗೌಳ’ ಎಂದಿದ್ದರೆ, ಹಾಡು ಎಷ್ಟೇ ಹಳೆಯದಾಗಿರಲಿ, ಆ ರಾಗಸೂಚನೆ ಕಟಪಯಾದಿ ನಾಮಕರಣದ ಅನಂತರದ್ದು. ಅದನ್ನು ದಾಸರ ಮೂಲ ಧಾಟಿಗೆ ಸಾಕ್ಷ್ಯವಾಗಿ ಬಳಸಲಾಗದು. ಸಂಪಾದಕರು ಹಳೆಯ ಹೆಸರನ್ನು ‘ತಿದ್ದಿ’ ಹೊಸದನ್ನು ಅಚ್ಚು ಹಾಕಿದರೆ ಈ ಸುಳಿವೂ ಅಳಿಸಿಹೋಗುತ್ತದೆ. ಮೂಲಪ್ರತಿಯಲ್ಲಿರುವ ರಾಗನಾಮವನ್ನು ಪಾಠಾಂತರದಷ್ಟೇ ಶ್ರದ್ಧೆಯಿಂದ ಅಡಿಟಿಪ್ಪಣಿಯಲ್ಲಿ ಕೊಡಬೇಕೆಂದು ಕೇಳಿಕೊಳ್ಳುವುದು ಇದಕ್ಕಾಗಿಯೇ.

ಕರಡನ್ನು ಹಿಂದಿರುಗಿಸುವಾಗ ವಿದ್ಯಾರ್ಥಿನಿಗೆ ಇಷ್ಟನ್ನೂ ಹೇಳಿದೆ. ತಿದ್ದಿ ತಂದ ವಾಕ್ಯ ಹೀಗಿತ್ತು: ‘ಇಂದು ಮಾಯಾಮಾಳವಗೌಳವೆನಿಸಿರುವ, ಆ ಕಾಲದಲ್ಲಿ ಮಾಳವಗೌಳವೆಂಬ ಹೆಸರಿದ್ದ ಮೇಳವನ್ನು ಪುರಂದರದಾಸರು ಬಾಲಪಾಠಕ್ಕೆ ಆರಿಸಿದರೆಂದು ಸಂಗೀತ ಪರಂಪರೆ ನಂಬುತ್ತದೆ.’ ವಾಕ್ಯ ತುಸು ಉದ್ದವಾಯಿತಲ್ಲ ಸರ್, ಎಂದಳು. ಇರಲಿ ಎಂದೆ.