ಪ್ರಾಥಮಿಕ ತರಗತಿಯ ವಿಜ್ಞಾನ ಪ್ರಯೋಗಗಳು

ಒಂದರಿಂದ ಐದನೆಯ ತರಗತಿಯ ಮಕ್ಕಳು ಮನೆಯಲ್ಲೇ ಸಿಗುವ ವಸ್ತುಗಳಿಂದ ತಾವೇ ಮಾಡಿ ನೋಡುವ ಸರಳ ಪ್ರಯೋಗಗಳು. ಮೊದಲು ಊಹೆ, ಆಮೇಲೆ ಪ್ರಯೋಗ, ಕೊನೆಗೆ ಕಾರಣ ಎಂಬುದು ಇವುಗಳ ಕ್ರಮ. ಉದಾಹರಣೆಗೆ, ಲೋಟದ ತಳಕ್ಕೆ ಒಣ ಕಾಗದ ತುರುಕಿ, ಬೋರಲು ಹಿಡಿದು ಬಕೆಟ್ಟಿನ ನೀರಿನಲ್ಲಿ ನೇರವಾಗಿ ಮುಳುಗಿಸಿದರೆ ಕಾಗದ ನೆನೆಯದು. ಒಳಗಿನ ಗಾಳಿ ನೀರಿಗೆ ಜಾಗ ಬಿಡುವುದಿಲ್ಲ. ಲೋಟವನ್ನು ಓರೆ ಮಾಡಿದೊಡನೆ ಗುಳ್ಳೆಗಳೆದ್ದು ನೀರು ಒಳನುಗ್ಗುತ್ತದೆ.

ಮುಂಬಯಿಯ ಮಾನಖುರ್ದ್‌ನಲ್ಲಿ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರವಿದೆ (ಸ್ಥಾಪನೆ: 1974). ಇದು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಅಂಗ. ಇಲ್ಲಿ ಜಯಶ್ರೀ ರಾಮದಾಸ್ ರೂಪಿಸಿದ ‘ಸ್ಮಾಲ್ ಸೈನ್ಸ್’ ಪುಸ್ತಕಮಾಲೆ ಪಾಠವನ್ನೇ ಇಂಥ ಚಟುವಟಿಕೆಗಳ ಸುತ್ತ ಕಟ್ಟಿದೆ. ಕನ್ನಡದಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’ ಮಾಸಪತ್ರಿಕೆ ಮಕ್ಕಳಿಗೆ ವಿಜ್ಞಾನವನ್ನು ತಲುಪಿಸಿದೆ.