ಮೌಸಿನ ತಂತಿಯೂ ಅದರ ನಾಮಾವಳಿಯೂ

ಹಸ್ತಲಿಖಿತ ಪಹಣಿಯ ಯುಗವು ಮುಗಿದು, ‘ಭೂಮಿ’ ಯೋಜನೆಯ ಗಣಕಮುದ್ರಿತ ಪಹಣಿಯು 2001–02ರ ಸುಮಾರಿನಲ್ಲಿ ಬಳಕೆಗೆ ಬಂದಾಗ, ಇಂದು ತಾವೇ ತಾಲ್ಲೂಕು ಕೇಂದ್ರಗಳಾಗಿರುವ ತಿಕೋಟಾ, ಬಬಲೇಶ್ವರಗಳ ರೈತರು ಅದಕ್ಕಾಗಿ ಆಗಿನ ಬಿಜಾಪುರದ, ಅಂದರೆ ಇಂದಿನ ವಿಜಯಪುರದ, ತಾಲ್ಲೂಕು ಕಚೇರಿಗೇ ಬರಬೇಕಾಗಿದ್ದಿತು. ಹೀಗೆ ಗಣಕವು ಹೊಲದ ಬದುವಿನವರೆಗೂ ತನ್ನ ಅಧಿಕಾರವನ್ನು ವಿಸ್ತರಿಸಿದ ಆ ಹೊತ್ತಿಗೆ, ಅದರ ಪಕ್ಕದ ಮೌಸು ಹಲವು ಅವತಾರಗಳನ್ನು ದಾಟಿ ಬಂದಿದ್ದಿತು.

ಡಗ್ಲಾಸ್ ಎಂಗೆಲ್‌ಬಾರ್ಟರ ಕಲ್ಪನೆಯಂತೆ ಬಿಲ್ ಇಂಗ್ಲಿಷ್ ಅವರು 1964ರಲ್ಲಿ ನಿರ್ಮಿಸಿದ ಮೊದಲ ಮೌಸು ಮರದ ಪೆಟ್ಟಿಗೆ. ಅದರ ಅಡಿಯಲ್ಲಿ ಪರಸ್ಪರ ಲಂಬವಾಗಿ ತಿರುಗುವ ಎರಡು ಲೋಹಚಕ್ರಗಳು. 1970ರ ಪೇಟೆಂಟು ಅದನ್ನು ಸ್ಥಾನಸೂಚಕವೆಂದು ಗಂಭೀರವಾಗಿ ಕರೆದರೂ, ಪ್ರಯೋಗಶಾಲೆಯ ಸಲಿಗೆಯ ಹೆಸರೇ ಲೋಕದಲ್ಲಿ ರೂಢವಾಯಿತು.

ವಿಜಯಪುರದಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯ ಇಂಜಿನಿಯರಿಂಗ್ ಕಾಲೇಜು ಆರಂಭವಾದ 1980ರಲ್ಲಿ ಮೌಸು ಇನ್ನೂ ಸಾಮಾನ್ಯ ಸರಕಾಗಿರಲಿಲ್ಲ. ಮುಂದೆ ಬಂದ ಪಿ.ಸಿ.ಗಳಲ್ಲಿ ಅದಕ್ಕೆಂದೇ ಮೀಸಲಾದ ದ್ವಾರವಿಲ್ಲದಿದ್ದುದರಿಂದ, ಯಂತ್ರವನ್ನು ಬಿಚ್ಚಿ ಒಳಗೆ ಪ್ರತ್ಯೇಕ ಕಾರ್ಡನ್ನು ಕೂರಿಸಿ, ಚಲನೆಯ ಸ್ಪಂದನಗಳನ್ನೆಣಿಸುವ ಹೊಣೆಯನ್ನು ಆ ಕಾರ್ಡಿಗೇ ಒಪ್ಪಿಸಿದುದು ‘ಬಸ್ ಮೌಸ್’. ಎಣಿಕೆಯನ್ನು ತನ್ನ ಒಡಲಲ್ಲಿಯೇ ಮುಗಿಸಿ, ಪ್ರತಿ ಚಲನೆಯನ್ನೂ ಮೂರು ಬೈಟುಗಳ ಪುಟ್ಟ ವರದಿಯಾಗಿ, ಸೆಕೆಂಡಿಗೆ 1200 ಬಿಟ್‌ಗಳ ವೇಗದಲ್ಲಿ ಸರಣಿಯಾಗಿ ಕಳುಹಿಸಿದುದು ‘ಸೀರಿಯಲ್ ಮೌಸ್’. ಒಂಬತ್ತು ರಂಧ್ರಗಳುಳ್ಳ ಇದರ ಅಗಲವಾದ ಪ್ಲಗ್ಗನ್ನು ಇಕ್ಕೆಲದ ಎರಡು ಸ್ಕ್ರೂಗಳಿಂದ ಬಿಗಿಯುತ್ತಿದ್ದರು. ಐ.ಬಿ.ಎಂ. ಸಂಸ್ಥೆಯು 1987ರಲ್ಲಿ ತಂದ ಪಿಎಸ್/2 ಗಣಕಗಳಲ್ಲಿ ಆರು ಪಿನ್ನಿನ ದುಂಡನೆಯ ದ್ವಾರವು ಕಾಣಿಸಿಕೊಂಡು, ಆ ಗಣಕಗಳು ಮರೆಯಾದ ಮೇಲೂ ತನ್ನ ಹೆಸರನ್ನು ಮೌಸಿಗೆ ಬಿಟ್ಟುಹೋಯಿತು. ಕೀಲಿಮಣೆಯ ದ್ವಾರವೂ ಅದೇ ಆಕಾರದ್ದಾದುದರಿಂದ ಮೌಸಿಗೆ ಹಸಿರು, ಕೀಲಿಮಣೆಗೆ ನೇರಳೆ ಎಂಬ ವರ್ಣಭೇದವನ್ನು ಮುಂದೆ ಕಲ್ಪಿಸಬೇಕಾಯಿತು.

1996ರಲ್ಲಿ ಪ್ರಕಟವಾದ ಯು.ಎಸ್.ಬಿ. ಕ್ರಮವು ಕ್ರಮೇಣ ಎಲ್ಲ ಉಪಕರಣಗಳಿಗೂ ಒಂದೇ ದ್ವಾರವನ್ನು ತೆರೆದಾಗ, ಈ ವಿಶೇಷಣಗಳೆಲ್ಲ ಕಳಚಿ ಬರಿಯ ‘ಮೌಸ್’ ಉಳಿಯಿತು. ಆದರೆ ಹಳೆಯ ಗಣಕವೊಂದನ್ನು ಮತ್ತೆ ನಡೆಯಿಸಬಯಸುವವನಿಗೆ ಅಷ್ಟು ಸಾಲದು. ಕೈಯ ಚಲನೆಯು ಯಾವ ಹಾದಿಯಿಂದ ಯಂತ್ರವನ್ನು ಮುಟ್ಟುತ್ತಿದ್ದಿತೆಂಬುದನ್ನು ಹೇಳುವ ಪೂರ್ಣನಾಮವೇ ಅವನಿಗೆ ದಾರಿ ತೋರುವುದು. ಆದುದರಿಂದ ನಮ್ಮ ಶಾಲೆ, ಕಾಲೇಜು, ಕಚೇರಿಗಳು ಹಳೆಯ ಸಾಮಗ್ರಿಯನ್ನು ವಿಲೇವಾರಿ ಮಾಡುವ ಮುನ್ನ, ದಾಸ್ತಾನು ವಹಿಯಲ್ಲಿ ‘ಮೌಸ್ – 1’ ಎಂದು ಬರೆದು ಕೈತೊಳೆದುಕೊಳ್ಳದೆ, ಅದು ಬಸ್ಸೋ ಸೀರಿಯಲ್ಲೋ ಪಿಎಸ್/2ವೋ ಎಂಬುದನ್ನು ಸ್ಪಷ್ಟವಾಗಿ ನಮೂದಿಸಿ, ಒಂದೊಂದನ್ನಾದರೂ ಕಾದಿರಿಸುವುದು ಕರ್ತವ್ಯವೆಂದು ನಾನು ತಿಳಿಯುತ್ತೇನೆ.